ಮನೆಗೆ ಹಾಕೋ ಸಣ್ಣ ಗಾಳಿಯಂತ್ರಕ್ಕೆ ಕಮ್ಮಿ ಖರ್ಚಲ್ಲಿ ಗಟ್ಟಿ ಟವರ್ ಮಾಡೋದು ಹೇಗೆ?

ಸ್ಟೇ ವೈರ್ ಕಟ್ಟಿದ ಪೈಪ್ ಟವರ್ ಮಾಡಿ, ಅದಕ್ಕಿಂತ ಅಗ್ಗದ್ದು ಸಿಗೋದು ಕಷ್ಟ. ಒಂಟಿ ಕಂಬ ತಾನೇ ನಿಲ್ಬೇಕಂದ್ರೆ ಬುಡದಲ್ಲಿ ದಪ್ಪ ಕಬ್ಬಿಣ, ದೊಡ್ಡ ಕಾಂಕ್ರೀಟ್ ಎಲ್ಲಾ ಬೇಕು, ಅದೇ ವೈರ್ ಎಳೆದು ಕಟ್ಟಿದ್ರೆ ಗಾಳಿಯ ತಳ್ಳಾಟನ ವೈರ್ ತಡ್ಕೊಳುತ್ತೆ, ಪೈಪು ಭಾರ ಹೊತ್ರೆ ಸಾಕು.

ಹಗ್ಗಜಗ್ಗಾಟದ ತರ ನಾಲ್ಕು ಕಡೆ ಎಳೀರಿ, ವೈರ್ ತುದಿನ ನೆಲಕ್ಕೆ ಹಿಡಿಯೋ ಆಂಕರ್ ಟವರ್ ಬುಡದಿಂದ ಕನಿಷ್ಠ ಟವರ್ ಎತ್ತರದ ಅರ್ಧದಷ್ಟು ದೂರ ಇರ್ಲಿ, ಹತ್ರ ಹಾಕಿದಷ್ಟೂ ವೈರ್ ಮೇಲೆ ಎಳೆತ ಜಾಸ್ತಿ. ಬುಡಕ್ಕೆ ಹಿಂಜ್ ಕೊಟ್ರೆ ರಿಪೇರಿಗೆ ಮೇಲೆ ಹತ್ತೋದೇ ಬೇಡ, ಟವರನ್ನೇ ಮಲಗಿಸ್ಬಹುದು.

ಎಲ್ರೂ ಎಡವೋದು ವೈರ್ ತುದಿ ಮಡಚಿ ಬಿಗಿಯೋ ಕ್ಲ್ಯಾಂಪಲ್ಲಿ. ಯು ಬೋಲ್ಟ್ ಕೂರ್ಬೇಕಾದ್ದು ಕತ್ತರಿಸಿದ ಗಿಡ್ಡ ತುದಿ ಮೇಲೆ, ಎಳೆತ ಹೊರೋ ಉದ್ದ ವೈರ್ ಕಡೆ ಅಗಲದ ಸ್ಯಾಡಲ್, ಅಂದ್ರೆ ಕ್ಲ್ಯಾಂಪಿನ ತಳದ ತುಂಡು. ಉಲ್ಟಾ ಹಾಕಿದ್ರೆ ಬೋಲ್ಟು ಆ ವೈರನ್ನೇ ಹಿಸುಕಿ ವೀಕ್ ಮಾಡುತ್ತೆ.

ಎತ್ತರದಲ್ಲಿ ಮಾತ್ರ ಜಿಪುಣತನ ಬೇಡ. ಮೇಲೆ ಹೋದಷ್ಟೂ ಗಾಳಿ ಜೋರು, ಗಾಳಿ ವೇಗ ಎರಡು ಪಟ್ಟಾದ್ರೆ ಸಿಗೋ ಶಕ್ತಿ 8 ಪಟ್ಟು! 150 ಮೀಟರ್ ಒಳಗಿರೋ ಮರ, ಮನೆಗಿಂತ ರೆಕ್ಕೆಯ ಕೆಳತುದಿ 9 ಮೀಟರ್ ಮೇಲಿರ್ಲಿ ಅಂತಾರೆ. ಆಫ್ರಿಕಾದ ಮಲಾವಿ ದೇಶದಲ್ಲಿ ತಾನೇ ಗಾಳಿಯಂತ್ರ ಮಾಡಿದ ಹುಡುಗ ವಿಲಿಯಂ ಕಾಮ್‌ಕ್ವಾಂಬಾ ನೀಲಗಿರಿ ಮರದ ಕಂಬದಲ್ಲಿ ಮೊದಲು 5 ಮೀಟರ್ ಟವರ್ ಕಟ್ಟಿ, ಮರಗಳು ಅಡ್ಡ ಬಂದ್ವು ಅಂತ ಆಮೇಲೆ 12 ಮೀಟರಿಗೆ ಏರಿಸಿದ್ದ. ಅಂದ್ರೆ ಮರದಲ್ಲೂ ಆಗುತ್ತೆ, ಬುಡ ಗೆದ್ದಲು ತಿನ್ನದಂಗೆ ನೋಡ್ಕೊಬೇಕು ಅಷ್ಟೇ. ತಾರಸಿ ಮೇಲಂತೂ ಹಾಕ್ಲೇಬೇಡಿ, ರಾತ್ರಿಯೆಲ್ಲಾ ಗುಂಯ್ ಅಂತ ಮನೆಯೇ ನಡುಗುತ್ತೆ.