ನಿಮ್ಮ ಪ್ರಶ್ನೆ: ಲೋಹನ ಪುಡಿ ಯಾಕ ಮಾಡ್ತಾರ?

ಪ್ರಶ್ನೆ: ಸರ್, ನಾನು ಎಂಎಸ್ಸಿ ಫಿಸಿಕ್ಸ್ ಓದಾಕತ್ತೀನಿ. ಗ್ಯಾಡೊಲಿನಿಯಂ ಅನ್ನೋ ಲೋಹ ಇರೋ ಇಂಟರ್‌ಮೆಟಾಲಿಕ್‌ಗೆ (ಲೋಹ-ಲೋಹ ಕೂಡಿ ಆಗೋ ಸಂಯುಕ್ತ) ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ರೆಸೊನನ್ಸ್) ತೆಗೀವಾಗ ಸ್ಯಾಂಪಲ್ ಪುಡಿ ಮಾಡ್ರಿ ಅಂತಾರ, ಯಾಕ್ರೀ? ಗ್ಯಾಡೊಲಿನಿಯಮ್ಮೇ ಯಾಕ?
– ಓದುಗ, ಕೊಪ್ಪಳ

ಉತ್ತರ: ತಮ್ಮಾ, ಚಲೋ ಕೇಳಿದಿ. 1944ರಾಗ ರಷ್ಯಾದ ಕಜಾನ್‌ನಾಗ ವಿಜ್ಞಾನಿ ಜವೊಯ್ಸ್ಕಿ ಕಂಡುಹಿಡಿದ ವಿದ್ಯಾ ಇದು, ಮ್ಯಾಗ್ನೆಟ್ ನಡುವೆ ಸ್ಯಾಂಪಲ್ ಇಟ್ಟು ಮೈಕ್ರೋವೇವ್ ಬಿಟ್ರ, ಎಲೆಕ್ಟ್ರಾನ್‌ನ ಸ್ಪಿನ್‌ಗೆ (ಅದನ್ನ ಸಣ್ಣ ಮ್ಯಾಗ್ನೆಟ್‌ನಂಗ ಮಾಡೋ ಗುಣ) ಫ್ರೀಕ್ವೆನ್ಸಿ ಹೊಂದಿದಾಗ ಸ್ಯಾಂಪಲ್ ಆ ಮೈಕ್ರೋವೇವ್ ನುಂಗತೈತಿ, 9.4 ಗಿಗಾಹರ್ಟ್ಜ್‌ಗೆ ಸುಮಾರು 0.34 ಟೆಸ್ಲಾದಾಗ ಆ ನುಂಗಿದ್ದರ ಗೆರಿ ಕಾಣತೈತಿ (ಜಿ, ಅಂದ್ರ ಸ್ಪಿನ್ ಮ್ಯಾಗ್ನೆಟ್‌ಗೆ ಎಷ್ಟು ಸ್ಪಂದಿಸತೈತಿ ಅನ್ನೋ ಅಂಕಿ, 2 ಇದ್ರ). ಆದ್ರ ಲೋಹದೊಳಗ ಮೈಕ್ರೋವೇವ್ ಮೈಕ್ರಾನ್ ಲೆಕ್ಕದಾಗಷ್ಟೇ ಇಳೀತದ, ದಪ್ಪ ತುಂಡಿನ ಒಳಗಿನದೆಲ್ಲಾ ದಂಡ, ಗೆರೀನೂ ಒಂದು ಕಡಿ ಉಬ್ಬಿ ಸೊಟ್ಟ ಬರತೈತಿ, ಇದಕ್ಕ ಡೈಸನ್ ಆಕಾರ ಅಂತಾರ. ಅದಕ್ಕ ಗಿರಣ್ಯಾಗ ಜ್ವಾಳ ಬೀಸಿದಂಗ ನುಣ್ಣಗ ಮಾಡಿ, ಕಾಳಿಗೆ ಕಾಳು ತಾಗದಂಗ ಪ್ಯಾರಾಫಿನ್ ಮೇಣದಾಗ ಕಲಸಿಡೋದು.

ಗ್ಯಾಡೊಲಿನಿಯಂ ಯಾಕಂದ್ರ, ಅದರ 4ಎಫ್ ಅನ್ನೋ ಎಲೆಕ್ಟ್ರಾನ್ ಕವಚದಾಗ 7 ಎಲೆಕ್ಟ್ರಾನ್, 7 ಕುರ್ಚಿ, ಎಲ್ಲಾ ಒಂದೊಂದರಾಗ ಕುಂತಿರತಾವ. ಆರ್ಬಿಟಲ್ ಮೊಮೆಂಟ್ (ಎಲೆಕ್ಟ್ರಾನ್ ಸುತ್ತೋದರಿಂದ ಬರೋದು) ಸೊನ್ನೆ, ಹಂಗಾಗಿ ಸುತ್ತಲಿನ ಅಯಾನ್‌ಗಳು ಅದನ್ನ ಜಗ್ಗಾಡೋದು ಕಡಿಮಿ. ಆರ್ಬಿಟಲ್ ಮೊಮೆಂಟ್ ಇರೋ ಡಿಸ್‌ಪ್ರೋಸಿಯಂ, ಟರ್ಬಿಯಂ ಲೋಹ ತಗೊಂಡ್ರ ಗೆರಿ ಹರಡಿ ಹೋಗತೈತಿ, ಕೈಗೆ ಸಿಗೋದ ಕಷ್ಟ. ಟೆಂಪರೇಚರ್ ಏರಿದಂಗ ಗೆರಿ ಅಗಲ ಸೀದಾ ಏರತೈತಿ, ಲೋಹದಾಗ ಓಡಾಡೋ ಎಲೆಕ್ಟ್ರಾನ್ ಬಂದು ಸ್ಪಿನ್‌ನ ಕೆಣಕಿ ಹೋಗ್ತಾವ, ಇದಕ್ಕ ಕೊರಿಂಗಾ ನಿಯಮ ಅಂತಾರ. ಮ್ಯಾಗ್ನೆಟಿಕ್ ಆಗೋ ಟೆಂಪರೇಚರ್ ಹತ್ರ ಬಂದ್ರ ಮಾತ್ರ ಈ ಲೆಕ್ಕ ಕೆಡತೈತಿ. ಬರೇ ಗ್ಯಾಡೊಲಿನಿಯಂ ಲೋಹಕ್ಕ ಅದು 20 ಡಿಗ್ರಿ, ಅಂದ್ರ ನಮ್ಮ ರಾಯಚೂರು ಬ್ಯಾಸಗ್ಯಾಗ ಅದು ಫೆರೋಮ್ಯಾಗ್ನೆಟ್ಟೇ (ಕಬ್ಬಿಣದಂಥ ಮ್ಯಾಗ್ನೆಟ್) ಅಲ್ಲ!