ಅರ್ಜೆಂಟೀನಾದ ಪಿಯಾನೊ ವಾದಕ ಓಸ್ವಾಲ್ದೊ ಪುಗ್ಲಿಯೇಸೆ ಅವರ ಟ್ಯಾಂಗೊ (ಅಲ್ಲಿನ ಕುಣಿತದ ಸಂಗೀತ) ಒಮ್ಮೆ ತಾಳಕ್ಕೆ ಕೂರುತ್ತದೆ, ಒಮ್ಮೆ ತಪ್ಪಿದಂತಿರುತ್ತದೆ, ಯಾಕೆ? ಯಾವುದರಿಂದ ಕೇಳಲು ಶುರು ಮಾಡಲಿ?

ತಾಳ ತಪ್ಪುವುದಿಲ್ಲ. ಇಡೀ ತಂಡ ಒಟ್ಟಾಗಿ ಕಾಲಪ್ರಮಾಣವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಅದು ಹೇಗೆ ಸಾಧ್ಯವಾಯಿತು ಎನ್ನುವುದಕ್ಕೆ ಅವರು ತಂಡ ಕಟ್ಟಿದ ರೀತಿಯನ್ನೇ ನೋಡಬೇಕು.

ಹುಟ್ಟಿದ್ದು 1905ರ ಡಿಸೆಂಬರ್ 2, ಬ್ಯೂನಸ್ ಐರಿಸ್‌ನ ವಿಲ್ಲಾ ಕ್ರೆಸ್ಪೊ ಬಡಾವಣೆ. ತಂದೆ ಅಡಾಲ್ಫೊ ಕೊಳಲು ನುಡಿಸುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ರಚಿಸಿದ 'ರೆಕ್ವೆರ್ದೊ' ಎಂಬ ಟ್ಯಾಂಗೊವನ್ನು ಇನ್ನೊಬ್ಬ ಟ್ಯಾಂಗೊ ತಂಡನಾಯಕ ಹೂಲಿಯೊ ದೆ ಕಾರೊ ಅವರ ತಂಡ 1926ರಲ್ಲಿ ಧ್ವನಿಮುದ್ರಿಸಿತು. 1936ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಸ್ವಂತ ತಂಡ ವೇದಿಕೆ ಏರಿದ್ದು 1939ರ ಆಗಸ್ಟ್ 11ರಂದು, ಕಫೆ ನ್ಯಾಷನಲ್‌ನಲ್ಲಿ.

ಈ ತಂಡ ಸಹಕಾರ ಪದ್ಧತಿಯಲ್ಲಿ ನಡೆಯಿತು. ಮಾಲೀಕನೂ ಇಲ್ಲ, ಸಂಬಳವೂ ಇಲ್ಲ. ಪ್ರತಿಯೊಬ್ಬರ ದುಡಿಮೆಗೆ ಇಂತಿಷ್ಟು ಅಂಕ, ಬಂದ ಹಣ ಆ ಅಂಕದ ಪ್ರಕಾರ ಹಂಚಿಕೆ. ಆದ್ದರಿಂದ ವಾದಕರು ಬಿಟ್ಟುಹೋಗಲಿಲ್ಲ. ಬಾಂದೊನಿಯನ್ ವಾದಕ ಓಸ್ವಾಲ್ದೊ ರುಜಿಯೇರೊ 1939ರಿಂದ 1968ರವರೆಗೂ ಇದ್ದರು. (ಬಾಂದೊನಿಯನ್ ಎಂದರೆ ತಿದಿಯ ಎರಡೂ ಬದಿಯ ಗುಂಡಿಗಳನ್ನು ಒತ್ತಿ ನುಡಿಸುವ ವಾದ್ಯ.) ಕೋಲು ಹಿಡಿದು ನಿಲ್ಲುವ ನಿರ್ದೇಶಕನಿಲ್ಲದೆ ಹತ್ತು ಹನ್ನೆರಡು ಜನ ಒಟ್ಟಿಗೆ ನಿಧಾನಿಸಿ ಒಟ್ಟಿಗೆ ಎರಗಬೇಕೆಂದರೆ ಇಂಥ ವರ್ಷಗಳ ಒಡನಾಟವೇ ಬೇಕು ಎಂದು ನಾನು ನಂಬುತ್ತೇನೆ. ರಾಜಕೀಯ ಕಾರಣಕ್ಕೆ ಪುಗ್ಲಿಯೇಸೆ ಜೈಲಿನಲ್ಲಿದ್ದಾಗ ಅವರ ಪಿಯಾನೊ ಮೇಲೆ ಕೆಂಪು ಕಾರ್ನೇಶನ್ ಹೂವಿಟ್ಟು ತಂಡ ಕಛೇರಿ ನಡೆಸಿತು.

ಇನ್ನು ಲಯ. 1946ರಲ್ಲಿ ಧ್ವನಿಮುದ್ರಿಸಿದ 'ಲಾ ಯೂಂಬಾ' ಹಾಕಿಕೊಂಡು ನಾಲ್ಕು ನಾಲ್ಕು ಎಣಿಸಿ. ಒಂದು ಮತ್ತು ಮೂರಕ್ಕೆ ಇಡೀ ತಂಡದ ಒತ್ತು. ಆದರೆ ಸದ್ದು ಶುರುವಾಗುವುದು ಎಣಿಕೆಗಿಂತ ತುಸು ಮೊದಲೇ: ತಿದಿ ಹಿಗ್ಗುತ್ತದೆ, ಪಿಟೀಲಿನ ಕಮಾನು ಎಳೆಯುತ್ತದೆ, ದನಿ ಉಬ್ಬುತ್ತ ಬಂದು ಎಣಿಕೆಯ ಮೇಲೆ ಪಟ್ಟನೆ ಬೀಳುತ್ತದೆ. ಈ ಎಳೆತಕ್ಕೆ ಅರಾಸ್ತ್ರೆ ಎನ್ನುತ್ತಾರೆ. ಎರಡು ಮತ್ತು ನಾಲ್ಕಕ್ಕೆ ಪಿಯಾನೊದ ತೀರಾ ಕೆಳಗಿನ ಸ್ವರಗಳ ಗುಡುಗು. ಅನುಕರಿಸುವ ತಂಡಗಳು ಎಡವುವುದು ಇಲ್ಲೇ. ಒಂದು, ಮೂರನ್ನು ಜೋರಾಗಿ ಬಾರಿಸುತ್ತಾರೆ, ಅದರ ಹಿಂದಿನ ಎಳೆತವನ್ನು ಬಿಡುತ್ತಾರೆ. ಆಗ ಟ್ಯಾಂಗೊ ಕವಾಯತಾಗುತ್ತದೆ. ಇನ್ನು ಕೆಲವರು ಎಳೆತವನ್ನು ಬೇಗ ಶುರು ಮಾಡಿ ಎಣಿಕೆಯನ್ನೇ ಮಸುಕಾಗಿಸುತ್ತಾರೆ.

ಕೇಳುವ ಕ್ರಮ: ಪುಗ್ಲಿಯೇಸೆ ತಂಡದ್ದೇ 1944ರ 'ರೆಕ್ವೆರ್ದೊ', ಆಮೇಲೆ 'ಲಾ ಯೂಂಬಾ', 1948ರ 'ನೆಗ್ರಾಚಾ', ಕೊನೆಗೆ 1959ರ 'ಗಾಜೊ ಸಿಯೇಗೊ'. ನಲವತ್ತರ ದಶಕದಲ್ಲಿ ಲಯ ಹೆಚ್ಚು ಸ್ಥಿರ, ಐವತ್ತರ ಹೊತ್ತಿಗೆ ಹಿಗ್ಗುಕುಗ್ಗು ಜಾಸ್ತಿ. ನಿಮಗೆ ಗೊಂದಲವಾದದ್ದು ಬಹುಶಃ ಎರಡನ್ನೂ ಬೆರೆಸಿ ಕೇಳಿದ್ದರಿಂದ. ಕುಣಿಯಲು ಕಲಿಯುತ್ತಿದ್ದರೆ ಮೊದಲು ಇನ್ನೊಬ್ಬ ಟ್ಯಾಂಗೊ ತಂಡನಾಯಕ ಹುವಾನ್ ದಾರಿಯೆನ್ಸೊ ಅವರ ನೇರ ಲಯದಲ್ಲಿ ಕಾಲು ಪಳಗಿಸಿ. ಪುಗ್ಲಿಯೇಸೆಗೆ ಬಂದಾಗ ಪ್ರತಿ ಎಣಿಕೆಗೂ ಹೆಜ್ಜೆ ಇಡಬೇಡಿ, ಎಳೆತ ಮುಗಿಯುವ ತನಕ ಕಾದು ಭಾರ ಬದಲಿಸಿ.

1968ರಲ್ಲಿ ರುಜಿಯೇರೊ ಮತ್ತಿತರ ಹಿರಿಯ ವಾದಕರು ಹೊರಬಂದು ಸೆಕ್ಸ್‌ತೇತೊ ಟ್ಯಾಂಗೊ ಎಂಬ ಬೇರೆ ತಂಡ ಕಟ್ಟಿದರು. ಪುಗ್ಲಿಯೇಸೆ ಹೊಸಬರೊಂದಿಗೆ ಮತ್ತೆ ತಂಡ ಕಟ್ಟಿ, 1985ರ ಡಿಸೆಂಬರ್ 26ರಂದು ಬ್ಯೂನಸ್ ಐರಿಸ್‌ನ ಹೆಸರಾಂತ ಒಪೆರಾ ಮಂದಿರ ತಿಯಾತ್ರೊ ಕೊಲೊನ್‌ನಲ್ಲಿ ನುಡಿಸಿದರು. ತೀರಿಕೊಂಡದ್ದು 1995ರ ಜುಲೈ 25. ಧ್ವನಿಮುದ್ರಿಕೆಯ ಹೆಸರು ನೋಡುವಾಗ ವರ್ಷವನ್ನೂ ನೋಡಿಕೊಳ್ಳಿ, ಒಂದೇ ರಚನೆಯನ್ನು ಅವರು ಹಲವು ಬಾರಿ ಧ್ವನಿಮುದ್ರಿಸಿದ್ದಾರೆ.