ಮೈನಸ್ 7 ಪವರ್, ಮುಂದಿನ ತಿಂಗಳು ಟ್ರೆಕ್: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ, ಒಪ್ಪಿಗೆ ತಗೊಂಡೇ ಬರೀತಿರೋದು. ನನ್ನ ಹತ್ರ ಸಲಹೆಗೆ ಬಂದವರೊಬ್ರು, ಮೂವತ್ತರ ಆಸುಪಾಸು, ಎರಡೂ ಕಣ್ಣಿಗೆ ಮೈನಸ್ 7ರ ಹತ್ರ ಪವರ್, ಬೆಟ್ಟ ಹತ್ತೋದು ಕಯಾಕಿಂಗು ಅಂದ್ರೆ ಪ್ರಾಣ. ಬಂದು ಕೂತವರೇ, "ಮೇಡಂ, ಲ್ಯಾಸಿಕ್ ಮಾಡಿಸ್ಲಾ ಬೇಡ್ವಾ, ಒಂದೇ ಮಾತಲ್ಲಿ ಹೇಳಿ" ಅಂದ್ರು. ಲ್ಯಾಸಿಕ್ ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದ್ರೆ ಕಾರ್ನಿಯಾನ, ಲೇಸರ್‌ನಿಂದ ತಿದ್ದಿ ಪವರ್ ತೆಗೆಯೋ ಆಪರೇಷನ್. ನಾನು ಕಣ್ಣಿನ ಡಾಕ್ಟರ್ ಅಲ್ಲಪ್ಪ, ಆ ಒಂದು ಮಾತು ನನ್ನ ಹತ್ರ ಇಲ್ಲ, ಆದ್ರೆ ಇಷ್ಟು ಅವಸರ ಯಾಕೆ ಅಂತ ಕೇಳಿದೆ.

ಆಗ ಹೊರಗೆ ಬಂತು. ಹಿಂದಿನ ಟ್ರೆಕ್‌ನಲ್ಲಿ ಹೊಳೆ ದಾಟ್ತಾ ಕನ್ನಡಕ ನೀರುಪಾಲಾಗಿ, ಸ್ಪೇರೂ ಇಲ್ದೆ, ಗೆಳೆಯನ ಬ್ಯಾಗಿನ ಪಟ್ಟಿ ಹಿಡ್ಕೊಂಡು ಬೆಟ್ಟ ಇಳಿದಿದ್ರಂತೆ. ಕಲ್ಲು ಯಾವ್ದು ನೆರಳು ಯಾವ್ದು ಅಂತಾನೇ ಗೊತ್ತಾಗ್ತಿರ್ಲಿಲ್ವಂತೆ. ಆಮೇಲೆ ಗುಂಪಲ್ಲಿ ಅದೇ ದೊಡ್ಡ ಜೋಕು, ಇವರೂ ಜೊತೆಗೆ ನಕ್ಕಿದ್ದಾರೆ, ಆದ್ರೆ ಹೇಳ್ವಾಗ ದನಿ ಇಳೀತು. ಈಗ ಮುಂದಿನ ತಿಂಗಳು ಅದೇ ಗುಂಪಿನ ಜೊತೆ ಇನ್ನೊಂದು ಟ್ರೆಕ್, ಅಷ್ಟರೊಳಗೆ ಆಪರೇಷನ್ ಮುಗಿಸಿಬಿಡಬೇಕು ಅನ್ನೋ ಹಠ.

ನಂಗೆ ಕಂಡಿದ್ದು ಇಷ್ಟು, ಆಪರೇಷನ್ ಬೇಕು ಅನ್ನೋದ್ರಲ್ಲಿ ತಪ್ಪಿಲ್ಲ, ಆದ್ರೆ ತಾರೀಖು ಗೊತ್ತು ಮಾಡ್ತಿರೋದು ಅವಮಾನ. ಟ್ರೆಕ್ ಕ್ಯಾಲೆಂಡರ್ ನೋಡ್ಕೊಂಡು ಕಣ್ಣಿಗೆ ಡೇಟ್ ಕೊಡಬೇಡಿ ಅಂದೆ. ಪವರ್ ಒಂದು ವರ್ಷದಿಂದ ಸ್ಥಿರ ಇದೆಯಾ? ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಿದ್ರೆ ಟೆಸ್ಟಿಗೆ ಮೊದಲು ಅದನ್ನ ಒಂದೆರಡು ವಾರ ತೆಗೆದಿಟ್ಟಿರಬೇಕು, ಇಲ್ಲಾಂದ್ರೆ ಕಾರ್ನಿಯಾದ ಅಳತೆನೇ ತಪ್ಪು ಬರ್ಬಹುದು. ಆಪರೇಷನ್ ಆದ್ಮೇಲೂ ಕೆಲವು ವಾರ ಹೊಳೆ, ಕೆರೆ, ಈಜು ಬಂದ್, ಕಣ್ಣು ಡ್ರೈ ಆಗೋದು ತಿಂಗಳುಗಟ್ಟಲೆ ಇರಬಹುದು, ರಾತ್ರಿ ದೀಪದ ಸುತ್ತ ವರ್ತುಲ ಕಾಣಬಹುದು. ಹೆಡ್‌ಲ್ಯಾಂಪ್ ಹಾಕ್ಕೊಂಡು ನಸುಕಲ್ಲೇ ಬೆಟ್ಟ ಹತ್ತೋರಿಗೆ ಇದು ಸಣ್ಣ ವಿಷಯ ಅಲ್ಲ.

ಕಣ್ಣಿನ ಆಪರೇಷನ್ ಮಾಡಿಸ್ಕೊಂಡು ಎತ್ತರಕ್ಕೆ ಹೋದ್ರೆ ಎವರೆಸ್ಟಲ್ಲಿ ಆದಂಗೆ ಕಣ್ಣೇ ಕಾಣದಂಗಾಗುತ್ತೇನೋ ಅನ್ನೋ ಭಯ ಬೇರೆ ಅವರಿಗಿತ್ತು. 1996ರಲ್ಲಿ ಬೆಕ್ ವೆದರ್ಸ್ ಅನ್ನೋ ಪರ್ವತಾರೋಹಿಗೆ ಅಲ್ಲಿ ಮೇಲೆ ಕಣ್ಣು ಕಾಣದಂಗಾಗಿದ್ದು ನಿಜ, ಆದ್ರೆ ಅವರು ಮಾಡಿಸಿದ್ದು ರೇಡಿಯಲ್ ಕೆರಟಾಟಮಿ, ಬ್ಲೇಡಲ್ಲಿ ಕಾರ್ನಿಯಾಗೆ ಗೀರು ಹಾಕೋ ಹಳೇ ವಿಧಾನ. ಎತ್ತರದಲ್ಲಿ ಆಕ್ಸಿಜನ್ ಕಮ್ಮಿ ಆದಾಗ ಆ ಗೀರುಗಳ ಹತ್ರ ಕಾರ್ನಿಯಾ ಊದ್ಕೊಂಡು ಪವರ್ರೇ ಬದಲಾಗ್ತಿತ್ತು. ಈಗಿನ ಲೇಸರ್‌ದು ಬೇರೆ ಕೆಲಸ, ಆ ಕಥೆ ಇಟ್ಕೊಂಡು ಹೆದರೋದೂ ಬೇಡ, ಆದ್ರೂ ಎತ್ತರಕ್ಕೆ ಹೋಗ್ತೀನಿ ಅಂತ ಡಾಕ್ಟರಿಗೆ ಹೇಳ್ಲೇಬೇಕು.

ಇನ್ನೊಂದು, ಮಾತಾಡ್ತಾ ಮಾತಾಡ್ತಾ ಕನ್ನಡಕ ಮೇಲೆತ್ತಿ ಬೆರಳ ಗೆಣ್ಣಿಂದ ಕಣ್ಣು ಜೋರಾಗಿ ಉಜ್ಕೋತಿದ್ರು, ಮತ್ತೆ ಮತ್ತೆ. ಅಲರ್ಜಿ ಮೇಡಂ, ಚಿಕ್ಕಂದಿನಿಂದ ಅಂದ್ರು. ಇದನ್ನ ಮೊದಲು ಡಾಕ್ಟರಿಗೆ ಹೇಳಿ ಅಂದೆ, ಯಾಕಂದ್ರೆ ಹೀಗೆ ಉಜ್ಜೋದಕ್ಕೂ ಕೆರಟೋಕೋನಸ್ ಅನ್ನೋ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬೋ ಕಾಯಿಲೆಗೂ ನಂಟಿದೆ, ಅದಿದ್ರೆ ಲ್ಯಾಸಿಕ್ ಮಾಡಲ್ಲ.

ಎರಡನೇ ಸಲ ಬಂದಾಗ ಕೈಯಲ್ಲಿ ರಿಪೋರ್ಟ್. ಕಾರ್ನಿಯಾ 490 ಮೈಕ್ರಾನ್, ಸಾಮಾನ್ಯವಾಗಿ 540ರ ಹತ್ರ ಇರುತ್ತೆ. ಡಾಕ್ಟರ್ ಹಾಳೆ ಮೇಲೆ ಲೆಕ್ಕ ಬರ್ದು ತೋರ್ಸಿದ್ರಂತೆ, ಲೇಸರ್ ಹಾಕೋ ಮೊದಲು ಮುಚ್ಚಳದ ಥರ ಎತ್ತೋ ಮೇಲಿನ ಪದರಕ್ಕೆ, ಅಂದ್ರೆ ಫ್ಲಾಪ್‌ಗೆ 110, ಪವರ್ ತೆಗೆಯೋಕೆ ಸುಮಾರು 105, ಉಳಿಯೋದು 275. ಕಡೇಪಕ್ಷ 250 ಉಳೀಬೇಕು, ಎಷ್ಟೋ ಡಾಕ್ಟರ್‌ಗಳು 300 ಇದ್ರೇನೇ ಒಪ್ಪೋದು. ಅದಕ್ಕೇ ಮೊದಲು ಅಲರ್ಜಿಗೆ ಡ್ರಾಪ್ಸ್ ಹಾಕಿ, ಉಜ್ಜೋದು ನಿಲ್ಸಿ, ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್, ಆಮೇಲೆ ಫ್ಲಾಪ್ ಇಲ್ಲದ ಲೇಸರ್ ಆಪರೇಷನ್ ಪಿಆರ್‌ಕೆನಾ ಅಥವಾ ಕಣ್ಣೊಳಗೆ ಲೆನ್ಸ್ ಕೂರಿಸೋ ಐಸಿಎಲ್ಲಾ ನೋಡೋಣ ಅಂದಿದ್ದಾರೆ. ಯಾವ್ದೇ ಮಾಡ್ಸಿದ್ರೂ ಮೈನಸ್ ಕಣ್ಣಿನ ಹಿಂದಿನ ಪರದೆ, ಅಂದ್ರೆ ರೆಟಿನಾ, ಅದೇ ಹಳೇದು, ಅದು ಹರಿಯೋ ಅಪಾಯ ಹಾಗೇ ಇರುತ್ತೆ, ಮಿಂಚು ಹೊಡೆದಂಗೆ ಕಂಡ್ರೆ, ಕಪ್ಪು ಚುಕ್ಕೆ ಒಮ್ಮೆಲೇ ಜಾಸ್ತಿ ಆದ್ರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಓಡ್ಬೇಕು.

ಆ ಟ್ರೆಕ್‌ಗೆ ಪಟ್ಟಿ ಕಟ್ಟಿದ ಕನ್ನಡಕ ಹಾಕ್ಕೊಂಡು, ಸ್ಪೇರ್ ಎರಡನ್ನ ಬೇರೆ ಬೇರೆ ಬ್ಯಾಗಲ್ಲಿಟ್ಕೊಂಡು ಹೋಗಿ ಬಂದ್ರು. ನಾನು ಕೊಟ್ಟ ಹೋಂವರ್ಕ್ ಒಂದೇ, ಹೊರಡೋ ಮೊದಲು ಗುಂಪಿಗೆ, "ಕನ್ನಡಕ ಇಲ್ಲಾಂದ್ರೆ ನಂಗೆ ದಾರಿ ಕಾಣಲ್ಲ, ಅದು ಬಿದ್ರೆ ಎಲ್ರೂ ನಿಲ್ಬೇಕು" ಅಂತ ನೇರವಾಗಿ ಹೇಳೋದು. ಹೇಳಿದ್ದಾರೆ, ಒಬ್ಬ ನಕ್ಕನಂತೆ, ಮಿಕ್ಕವರು ಆಯ್ತು ಅಂದ್ರಂತೆ. ಸ್ಕ್ಯಾನ್ ಇನ್ನೂ ಬಾಕಿ ಇದೆ.